ಕಡೆಯ ಒಂಬತ್ತು ಸಾಲು

"ಏ ರೇವಿ, ಕೂಡು ಕೆಳಗ. ಫೋಟೊದಾಗ ನಿನ್ನ ಮಾರಿ ಬಂತಂದ್ರ ನನ್ನ ಮರ್ಯಾದಿ ಏನುಳೀತು?"

ಗುರಲಿಂಗಪ್ಪಗೌಡ ಹಾಗೆಂದಾಗ ರೇವವ್ವ ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ಸಾಲಿನ ನಡುವೆ ನಿಂತಿದ್ದಳು. ಕೂತಳು. ಶೇಂಗಾ ಬಳ್ಳಿ ಮೊಳಕಾಲಷ್ಟೂ ಎತ್ತರ ಇರಲಿಲ್ಲ. ಕೂತರೂ ತಲೆ ಕಾಣುತ್ತಿತ್ತು. "ಇನ್ನೂ ಬಗ್ಗ, ಬೋಸುಡಿ, ನೆಲಕ್ಕ ಹತ್ತು" ಎಂದ ಗೌಡ. ಅವಳು ಹಣೆ ಮಣ್ಣಿಗೆ ತಾಗುವಷ್ಟು ಬಗ್ಗಿದಳು. ಆಚೆಯ ಸಾಲಿನಲ್ಲಿ ಅವಳ ಗಂಡ ಸೋಮನಿಂಗ ಹೇಳಿಸಿಕೊಳ್ಳದೆಯೇ ಮಕಾಡೆ ಮಲಗಿಬಿಟ್ಟಿದ್ದ. ಅವನಿಗೆ ಅದು ರೂಢಿ.

ಇಂಡಿಯಿಂದ ಬಂದ ಫೋಟೊದವನು ಮೂರು ಕಾಲಿನ ಸ್ಟ್ಯಾಂಡು ಹೂಡಿ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಗೌಡ ಕೈಯಲ್ಲಿ ಬುಟ್ಟಿ ಹಿಡಿಯಬೇಕಿತ್ತು, ಗೊಬ್ಬರ ಚೆಲ್ಲುವಂತೆ. ಆದರೆ ಬುಟ್ಟಿ ಹೊಲಗೇರಿಯದು. ಮುಟ್ಟುವುದು ಹೇಗೆ? ಆಳು ಅಮಸಿದ್ದ ಓಡಿಹೋಗಿ ಗೌಡರ ಮನೆಯಿಂದ ಹಿತ್ತಾಳೆ ಬೋಗುಣಿ ತಂದ. ಗ್ರಾಮಸೇವಕ ನಬಿಲಾಲ ಚೀಲದಿಂದ ಬಿಳಿಪುಡಿ ಮೊಗೆದು ಅದರಲ್ಲಿ ಹಾಕಿದ. ಗೌಡ ಇಸ್ತ್ರಿ ಮಾಡಿದ ಧೋತರದ ಚುಂಗು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಚಿಟಿಕೆ ಪುಡಿ ಎತ್ತಿಕೊಂಡು, ದೇವರಿಗೆ ಭಂಡಾರ ಹಾಕುವವರ ಹಾಗೆ ನಿಂತ. ಹಿಂದೆ ಬದುವಿನ ಮೇಲೆ ಹೊಸದಾಗಿ ನೆಟ್ಟ ಹಲಗೆ. ಅದರಲ್ಲಿ ಏನು ಬರೆದಿದೆಯೆಂದು ರೇವವ್ವ ನಬಿಲಾಲನನ್ನು ಆಗಲೇ ಕೇಳಿದ್ದಳು. ಅವನು ಒಮ್ಮೆ ಕೆಮ್ಮಿ, ಸರಕಾರದ ಪ್ರಾತ್ಯಕ್ಷಿಕೆ ಹೊಲ ಅಂತ ಬರೆದದ್ದು ಎಂದಿದ್ದ. ಕೆಳಗಿನ ಇನ್ನೊಂದು ಸಾಲು ಓದಿರಲಿಲ್ಲ. ಅಲ್ಲಿದ್ದದ್ದು ಗೌಡನ ಹೆಸರು: ಮಾಲಕರು, ಸ್ವಂತ ಸಾಗುವಳಿದಾರರು.

ಹೊಲ ಎರಡೆಕರೆ ಮಸಾರಿ, ಕೆಂಪು ಮಣ್ಣಿನದು. ಸೋಮನಿಂಗನ ಅಜ್ಜನ ಕಾಲದಿಂದ ಅರ್ಧ ಪಾಲಿಗೆ ಇವರೇ ಮಾಡಿಕೊಂಡು ಬಂದದ್ದು. ಕಲ್ಲು ಆಯ್ದವರು ಇವರು, ಬದು ಹಾಕಿದವರು ಇವರು. ಸುಗ್ಗಿಯಲ್ಲಿ ಕಣಕ್ಕೆ ಗೌಡನ ಬಂಡಿ ಬಂದು ಪಾಲು ಹೇರಿಕೊಂಡು ಹೋಗುತ್ತಿತ್ತು. ಒಂದು ಚೂರು ಕಾಗದ ಯಾವತ್ತೂ ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಹೋದ ವರ್ಷ, ಉಳುವವನಿಗೇ ಹೊಲ ಎಂಬ ಕಾಯಿದೆ ಬಂದಿದೆಯೆಂದು ಸುದ್ದಿಯಾದಾಗ, ಕಚೇರಿಯ ಮುಂದೆ ಅರ್ಜಿ ಬರೆಯುವ ಅಬ್ದುಲರಜಾಕನ ಹತ್ತಿರ ಸೋಮನಿಂಗನನ್ನು ರಟ್ಟೆ ಹಿಡಿದು ಕರೆದುಕೊಂಡು ಹೋದವಳು ರೇವವ್ವ. ಅವನು ದಾರಿಯುದ್ದಕ್ಕೂ, ಬ್ಯಾಡ ಬಿಡ, ಇದ್ದದ್ದೂ ಹೋಗ್ತೈತಿ ಎನ್ನುತ್ತಲೇ ಬಂದಿದ್ದ. ಅರ್ಜಿ ಬಿದ್ದ ಮೇಲೆ ಗೌಡ ಬೈಯಲಿಲ್ಲ, ಹೊಡೆಯಲಿಲ್ಲ. ಈ ಶ್ರಾವಣದಲ್ಲಿ ಒಂದು ದಿನ ಸುಮ್ಮನೆ ಇಲಾಖೆಯಿಂದ ಎಂಟು ಚೀಲ ಜಿಪ್ಸಂ, ಆ ಬಿಳಿಪುಡಿ ಗೊಬ್ಬರ, ತರಿಸಿದ, ಹಲಗೆ ನೆಡಿಸಿದ, ಫೋಟೊ ತೆಗೆಸಿದ.

ಫೋಟೊ ಆಗಿ ಗೌಡ ಬೋಗುಣಿ ಸಮೇತ ಊರಿಗೆ ಹೋದ ಮೇಲೆ ನಬಿಲಾಲ ಸಾಲಿಗೆ ಇಳಿದ. ಬಾಗೇವಾಡಿ ಕಡೆಯವನು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಸೈಕಲ್ ಮೇಲೆ ತಿರುಗಿ ಮೋರೆ ಸುಟ್ಟುಕೊಂಡಿದ್ದ. ಒಂದು ಬಳ್ಳಿ ಮಗ್ಗುಲಿಗೆ ಸರಿಸಿ, ಬಾಡಿದ ಹಳದಿ ಹೂವಿನ ಬುಡದಿಂದ ನೆಲದ ಕಡೆ ಇಳಿಯುತ್ತಿದ್ದ ಸಣ್ಣ ಸೂಜಿ ತೋರಿಸಿದ. ಅದನ್ನು ರೇವವ್ವ ಹುಟ್ಟಿದಂದಿನಿಂದ ನೋಡಿದ್ದಳು.

"ಬೇರು ಉಂಡದ್ದು ಎಲಿಗೆ ಹೋಗ್ತೈತಿ, ಕಾಯಿಗೆ ಬರಂಗಿಲ್ಲ ಯವ್ವಾ" ಎಂದ ಅವನು. "ಈ ಸೂಜಿ ನೆಲದಾಗ ಹೋಗಿ ಕಾಯಿ ಆಗ್ತೈತಲ್ಲ, ಅದು ತನ್ನ ಸುತ್ತಿನ ಮಣ್ಣಿನಾಗಿಂದ ತಾನ ಕುಡೀಬೇಕು. ಮಣ್ಣಿನಾಗ ಇದು ಇರಲಿಲ್ಲಂದ್ರ ಸಿಪ್ಪಿ ಬೆಳೀತೈತಿ, ಒಳಗ ಬೀಜಿರಂಗಿಲ್ಲ. ಪೊಳ್ಳು."

"ತಾಯಿ ಕುಡಸಂಗಿಲ್ಲೇನ್ರಿ ಹಂಗಾದ್ರ?"

"ಇಲ್ಲ."

"ನಮ್ಮ ಕೇರಿ ಕೂಸು ಇದ್ದಂಗ ಅನ್ನ್ರಿ. ತಾಯಿ ಮಂದಿ ಹೊಲದಾಗ, ಇದು ಮಣ್ಣು ನೆಕ್ಕೋದು."

ನಬಿಲಾಲ ನಕ್ಕ. ಅದಕ್ಕೇ ಈ ಮಸಾರಿಯಲ್ಲಿ ನಿಮಗೆ ಅಷ್ಟೊಂದು ಪೊಳ್ಳು ಸಿಗುವುದು, ಇಲ್ಲಿ ಇದು ಕಡಿಮೆ ಎಂದ. ಒಂದು ಹೆಜ್ಜೆಗೆ ಇಷ್ಟು ಎಂದು ಹಿಡಿ ತುಂಬಿ ತೋರಿಸಿದ. ಕಡಿಮೆ ಮಾಡಬೇಡಿ, ಬುಡಕ್ಕೆ ಬೀಳಬೇಕು, ಹಾಕಿ ಮಣ್ಣು ಏರಿಸಬೇಕು ಎಂದ. ಇದು ಸುಣ್ಣವೇ ಎಂದು ರೇವವ್ವ ಕೇಳಿದಳು. "ಸುಣ್ಣದ ಜಾತೀದ ಅನ್ನು" ಎಂದು ಹೇಳಿ ಸೈಕಲ್ ಹತ್ತಿದ.

ಆ ಮಾತೇ ಅವಳ ತಲೆಯಲ್ಲಿ ಉಳಿದದ್ದು.

ಸಂಜೆ ಮೋಡ ಬಂತು. ಹೊಲದಲ್ಲಿ ಮಳೆಗೆ ಸೂರಿಲ್ಲ. ಉಳಿದ ಚೀಲಗಳನ್ನು ಗೌಡನ ಮನೆಗೆ ಹೊತ್ತುಕೊಂಡು ಹೋದರೆ ಅಂಗಳದಿಂದಲೇ ವಾಪಸು ಕಳಿಸಿದರು. ಗಂಡ ಹೆಂಡತಿ ಅವನ್ನು ತಮ್ಮ ಗುಡಿಸಲಿಗೆ ತಂದು, ಮಲಗುವ ಜಾಗದಲ್ಲಿಟ್ಟು ತಾವು ಮೂಲೆಗೆ ಸರಿದರು. ಪಂಚಮಿಗೆ ಎರಡೇ ದಿನ. ಮದುವೆಯಾದ ಮೇಲೆ ಮಗಳು ಕಾಶಿಬಾಯಿ ಮೊದಲನೆ ಸಲ ಸಾಲೋಟಗಿಯಿಂದ ಹಬ್ಬಕ್ಕೆ ಬರುವವಳು, ಜೊತೆಗೆ ಅವಳ ಅತ್ತೆ. ಮುಂದಿನ ಗೋಡೆ ಮಳೆಗೆ ತೊಳೆದುಹೋಗಿ ಸಗಣಿ ಬಣ್ಣವೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಸೋಮನಿಂಗ ಎಡೆಕುಂಟೆ ಸರಿಮಾಡಿಸಲು ಬಡಿಗೇರ ಮನೆಗೆ ಹೋದಾಗ ರೇವವ್ವ ಚೀಲದ ಬಾಯಿ ಬಿಚ್ಚಿದಳು. ಎರಡು ಬುಟ್ಟಿ ತೆಗೆದು ಗಡಿಗೆಗೆ ಹಾಕಿ ನೀರು ಹೊಯ್ದಳು. ಕುದಿಯಲಿಲ್ಲ. ನಾಲಿಗೆಗೆ ಹಚ್ಚಿ ನೋಡಿದಳು, ಸುಡಲಿಲ್ಲ. ಪಕ್ಕದ ಚನ್ನವ್ವ ಇಣುಕಿ, ಸುಣ್ಣ ಸತ್ತೈತಿ ಬಿಡ, ಸರಕಾರದ್ದಲ್ಲ, ಸತ್ತದ್ದನ್ನೇ ಕೊಡ್ತಾರ ಎಂದಳು. ಇಬ್ಬರೂ ಸೇರಿ ಸಿಂಬೆ ಸುತ್ತಿದ ಬಟ್ಟೆಯಿಂದ ಗೋಡೆಗೆ ಎರಡು ಕೈ ಬಳಿದರು. ಒಣಗಿದ ಮೇಲೆ ಗೋಡೆ ಹಾಲಿನ ಹಾಗೆ ಕಂಡಿತು. ರೇವವ್ವ ದೂರ ನಿಂತು ನೋಡಿದಳು. ಆ ಗೋಡೆ ಬಿಳುಪಾದದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಸೋಮನಿಂಗ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತ. ಎದ್ದಾಗ ಅಂಗಿಯ ಬೆನ್ನೆಲ್ಲ ಜೋಳದ ಹಿಟ್ಟಿನ ಗಿರಣಿಯಿಂದ ಬಂದವನಂತಿತ್ತು. ಸುಣ್ಣವಾಗಿದ್ದರೆ ಹಾಗೆ ಮೆತ್ತುತ್ತಿರಲಿಲ್ಲ. ಬಳಿದದ್ದು ಚೀಲದ ಪುಡಿಯೆಂದು ಅವನಿಗೆ ಆಗ ತಿಳಿಯಿತು. ಬೈಯಲೂ ಇಲ್ಲ ಅವನು. ಬೈಯುವುದಕ್ಕೂ ಮೈಯಲ್ಲಿ ಏನಾದರೂ ಉಳಿದಿರಬೇಕು. ಅಂಗಿ ಝಾಡಿಸಿಕೊಂಡು, ಎಷ್ಟು ತಗೊಂಡಿ ಎಂದ. ಎರಡು ಬುಟ್ಟಿ ಎಂದಳು. ತೆಳ್ಳಗೆ ಚೆಲ್ಲಿ ಸರಿದೂಗಿಸೋಣವೆಂದಳು. ಗ್ರಾಮಸೇವಕ ಕಡಿಮೆ ಮಾಡಬೇಡ ಅಂದಾನ, ಎಲ್ಲಾನೂ ಯಾಕ ಕೆಡಿಸೋದು ಎಂದ ಅವನು. ಹಿಡಿ ತುಂಬ ತುಂಬ ಹಾಕುತ್ತ ಹೋದರು. ಜಾಲಿಮರದ ಕಡೆಯ ಒಂಬತ್ತು ಸಾಲಿಗೆ ಚೀಲ ಬರಿದಾಯಿತು. ಆ ಒಂಬತ್ತಕ್ಕೆ ಬರೀ ಮಣ್ಣು ಏರಿಸಿದರು. ಭೂಮಿಯೊಳಗಿನದು ಯಾರಿಗೆ ಕಾಣುತ್ತದೆ ಎಂದು ಸೋಮನಿಂಗ ಅಂದ. ಮಗಳು ಬಂದಳು, ಗೋಡೆ ನೋಡಿ ನಕ್ಕಳು. ಅತ್ತೆಯ ಸೀರೆಗೂ ಬಿಳಿ ಮೆತ್ತಿತು. ಭಾದ್ರಪದದ ಮಳೆಗೆ ಗೋಡೆ ಮತ್ತೆ ಮಣ್ಣಾಯಿತು.

ದಸರೆಗೆ ಎಂಟು ದಿನವಿದ್ದಾಗ ಗೌಡ ಸೋಮನಿಂಗನನ್ನು ಕರೆಸಿದ. ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿ ತಾನು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದ. ಅಷ್ಟರಲ್ಲಿ ಬಿಸಿಲು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ತೆಂಗಿನ ಚಿಪ್ಪಿನಲ್ಲಿ ಮೇಲಿಂದ ಚಹಾ ಹೊಯ್ಯಿಸಿದ. ಅದು ಸೋಮನಿಂಗನ ಕೈಮೇಲೆ ಬಿತ್ತು.

"ನಿಮ್ಮಪ್ಪ ನನ್ನ ಹೊಲದಾಗ ಸತ್ತ. ನೀನೂ ಸಾಯಿ, ನಾ ಒಲ್ಲೆ ಅನ್ನಂಗಿಲ್ಲ. ಆದ್ರ ಸಾಯೂಕಿಂತ ಮದಲ ಅರ್ಜಿ ವಾಪಸ್ ತಗೊ, ಮಗನ. ನಾಡದು ಪ್ರಾಂತ ಸಾಹೇಬ್ರು ಹೊಲಕ್ಕ ಬರ್ತಾರ. ನಿನ್ನ ಕಡೆ ಏನೈತಿ ತೋರಸಾಕ? ನಿನ್ನ ಅಂಡು?"

ಸೋಮನಿಂಗ ಮನೆಗೆ ಬಂದು ಇದಷ್ಟನ್ನೂ ಹೇಳಿ, ತಗೊಂಡು ಬಿಡೋಣು ರೇವಿ, ಸಾಕಾಗೈತಿ ಎಂದ. ರೇವವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ. ನನಗೂ ಸಾಕಾಗೈತಿ, ಅದಕ್ಕ ಅಂತೇನಿ, ಸಾಹೇಬ್ರು ಬರಲಿ, ಇದೊಂದು ಸಲ ಮುಗಿಸಿ ಬಿಡೋಣು ಎಂದಳು.

ಜೀಪು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಬದುವಿನ ಮೇಲೆ ಗೌಡನ ಮನೆಯ ಕುರ್ಚಿ, ಟೇಬಲ್ಲು, ಟೇಬಲ್ಲಿನ ಮೇಲೆ ಲಿಂಬೆ ಶರಬತ್ತು. ಅರ್ಜಿ ತೀರ್ಮಾನಿಸಬೇಕಾದ ಪ್ರಾಂತ ಸಾಹೇಬರು, ಅಂದರೆ ಅಸಿಸ್ಟೆಂಟ್ ಕಮಿಷನರು, ಮೈಸೂರು ಕಡೆಯವರು, ಸಣ್ಣ ದನಿ, ಬೆವರು ಒರೆಸಿಕೊಳ್ಳುವ ಕರವಸ್ತ್ರ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಸೋಮನಿಂಗ ಮತ್ತು ರೇವವ್ವ ಬದುವಿನ ಕೆಳಗೆ ನಿಂತರು. ಅಲ್ಲಿಂದ ಸಾಹೇಬರ ಬೂಟು ಅವರ ಎದೆಯ ಮಟ್ಟಕ್ಕಿತ್ತು.

ಗೌಡ ಮೊದಲು ಹಲಗೆ ತೋರಿಸಿದ. ಆಮೇಲೆ ಇಲಾಖೆಯ ರಸೀದಿ, ಆಮೇಲೆ ಫೋಟೊ. ಸಾಹೇಬರು ಫೋಟೊ ಬೆಳಕಿಗೆ ಹಿಡಿದು, ಚೆನ್ನಾಗಿ ಬಂದಿದೆ ಎಂದರು. ಹಿತ್ತಾಳೆ ಬೋಗುಣಿ ಅದರಲ್ಲಿ ಮಿರಮಿರ ಮಿಂಚುತ್ತಿತ್ತು. ಸೋಮನಿಂಗನನ್ನು ರಸೀದಿ ಇದೆಯೇ ಎಂದು ಕೇಳಿದರು. ಅವನು ತಲೆ ಅಲ್ಲಾಡಿಸಿದ. ಸಾಕ್ಷಿ? ಮಗ್ಗುಲ ಹೊಲದ ಚಮನಸಾಬನನ್ನು ಕರೆದರು. ಮೂವತ್ತು ವರ್ಷ ಬದುವಿನ ಆಚೆ ಈಚೆ ಕೂತು ಇವರ ಜೊತೆ ಬುತ್ತಿ ಬಿಚ್ಚಿದವನು. ಅವನ ಎತ್ತು ನೀರು ಕುಡಿಯುವುದು ಗೌಡನ ಬಾವಿಯಲ್ಲಿ.

"ನಾ ನನ್ನ ಹೊಲ ನೋಡ್ತೇನ್ರಿ ಸಾಹೇಬ್ರ. ಮಂದಿ ಹೊಲ ನೋಡಂಗಿಲ್ಲ" ಎಂದು ಹೇಳಿ ಅವನು ರೇವವ್ವನ ಕಡೆ ನೋಡದೆ ಹೋದ.

ನಬಿಲಾಲ ದಫ್ತರ ತೆರೆದು, ಗೊಬ್ಬರ ಗೌಡರ ಹೆಸರಿಗೆ ಕೊಟ್ಟದ್ದೆಂದು ಓದಿದ. ತಲೆಯೆತ್ತದೆ ದಫ್ತರ ಮುಚ್ಚಿದ. ಗುಮಾಸ್ತ ಪೆನ್ನಿನ ಟೋಪಿ ಹಾಕತೊಡಗಿದ.

"ಸಾಹೇಬ್ರ, ಒಂದ ಮಾತು ಕೇಳ್ರಿ ಅವ್ರನ್ನ" ಎಂದಳು ರೇವವ್ವ. "ಈ ಹೊಲದಾಗ ಕಾಯಿ ಎಲ್ಲಿ ತುಂಬೈತಿ, ಎಲ್ಲಿ ತುಂಬಿಲ್ಲ, ಹೇಳಲಿ ಗೌಡ್ರು. ತಾವ ಮಾಡ್ಯಾರಲ್ಲ."

ಗೌಡ ನಕ್ಕ. ಸರಕಾರದ ಗೊಬ್ಬರ ಬಿದ್ದ ಹೊಲ, ಒಂದೊಂದು ಕಾಯಿಯೂ ತುಂಬಿದೆ ಎಂದ. ಜಾಲಿಮರದ ಕಡೆ ಕೈ ಮಾಡಿ, ಅಲ್ಲಿ ನೋಡಿರಿ, ಆ ಬಳ್ಳಿ ಎಲ್ಲಕ್ಕಿಂತ ಹಸಿರಿಲ್ಲವೇ ಎಂದ. ಹಸಿರೇ ಇದ್ದವು. ಉಳಿದ ಬಳ್ಳಿ ಹಳದಿ ತಿರುಗಿದ್ದರೆ ಆ ಒಂಬತ್ತು ಸಾಲು ಇನ್ನೂ ಎಳೆಯ ಪೈರಿನಂತೆ ನಿಂತಿದ್ದವು.

"ಅವ ಪೊಳ್ಳದಾವ" ಎಂದಳು ರೇವವ್ವ. "ಜಾಲಿ ಕಡಿಯಿಂದ ಎಣಸ್ರಿ, ಒಂಬತ್ತು. ಹತ್ತನೇದ್ದರಿಂದ ತುಂಬಿದ್ದು."

ಸಾಹೇಬರಿಗೆ ಮೋಜೆನಿಸಿರಬೇಕು. ಬೂಟು ಮಣ್ಣಾಗದಂತೆ ನೋಡಿಕೊಂಡು ಇಳಿದು ಬಂದರು. ಅಮಸಿದ್ದ ಜಾಲಿ ಕಡೆಯ ಮೂರನೆ ಸಾಲಿನಿಂದ ಒಂದು ಬಳ್ಳಿ ಕಿತ್ತ. ಕಾಯಿ ಗೊಂಚಲು ಗೊಂಚಲಾಗಿ ಬಂತು, ದಪ್ಪ, ಬೆಳ್ಳಗೆ. ಗೌಡ ಮೀಸೆ ತಿರುವಿದ. ರೇವವ್ವ ಒಂದು ಕಾಯಿ ಹರಿದು ಸಾಹೇಬರ ಮುಂದೆ ನೆಲದ ಮೇಲಿಟ್ಟಳು. ಅವರು ಎತ್ತಿಕೊಂಡು ಒತ್ತಿದರು. ಟಪ್ಪೆಂದು ಒಡೆಯಿತು, ಒಳಗೆ ಗಾಳಿ. ಇನ್ನೊಂದು, ಗಾಳಿ. ಇನ್ನೊಂದರಲ್ಲಿ ಸುಕ್ಕಾದ ಒಂದು ಕಾಳು, ಬೇಳೆ ಬಿಡಿಸಿದರೆ ಮೊಳಕೆಯ ಮೂತಿ ಕಪ್ಪು. ಒಂಬತ್ತನೆ ಸಾಲಿಗೆ ಹೋದರು, ಪೊಳ್ಳು. ಒಂದು ಹೆಜ್ಜೆ ಈಚೆ, ಹತ್ತನೆ ಸಾಲು. ಎರಡೆರಡು ಕಾಳು, ಸಿಪ್ಪೆ ಬಿಗಿದು ಕೂತಿತ್ತು.

"ಅಗೆಯದೆ ನಿನಗೆ ಹೇಗೆ ಗೊತ್ತಾಯಿತು?" ಎಂದು ಸಾಹೇಬರು ಕೇಳಿದರು.

ಸೋಮನಿಂಗ ಹಿಂದಿನಿಂದ ಅವಳ ಸೆರಗು ಜಗ್ಗಿದ. ಅವನ ಹಿಡಿತದಲ್ಲಿ ಬಲವಿರಲಿಲ್ಲ. ನಬಿಲಾಲ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ, ಹೇಳಬೇಡ ಎನ್ನುವ ಹಾಗೆ. ರೇವವ್ವನಿಗೆ ಅವೆರಡೂ ತಿಳಿದವು. ಹೇಳದಿದ್ದರೆ ಇನ್ನೇನು ಉಳಿಯಿತು ಹೇಳಲಿಕ್ಕೆ? ಅವಳ ಹತ್ತಿರ ಇದ್ದ ಕಾಗದ ಇದೊಂದೇ.

"ಅಲ್ಲಿ ಪುಡಿ ಹಾಕಿಲ್ಲರಿ. ಎರಡು ಬುಟ್ಟಿ ಸುಣ್ಣಂತ ತಿಳಕೊಂಡು ನಮ್ಮ ಗ್ವಾಡಿಗೆ ಬಳದೆ. ಕಡೀ ಒಂಬತ್ತು ಸಾಲಿಗೆ ಕಮ್ಮಿ ಬಿತ್ತು. ಹಾಕಿದಾಕಿ ನಾನ, ಹಾಕದ ಬಿಟ್ಟಾಕೀನೂ ನಾನ. ಅದಕ್ಕ ನನಗ ಗೊತ್ತು. ಗೌಡ್ರಿಗೆ ಗೊತ್ತಿಲ್ಲ."

ಗೌಡ ಧೋತರ ಎತ್ತಿಕಟ್ಟಿ ಸಾಲಿಗೆ ಹಾರಿದ.

"ಕಳ್ಳ ರಂಡಿ. ಸರಕಾರ ನನಗ ಕೊಟ್ಟ ಮಾಲು ನಿನ್ನ ಗ್ವಾಡಿಗೆ ಬಳದೀಯೇನ? ಬರಕೊಳ್ರಿ ಸಾಹೇಬ್ರ, ಈಕಿ ಬಾಯಿಂದನ ಬಂತು. ಆಳು ಅಂತ ಇಟಗೊಂಡ್ರ ಮನಿ ತುಂಬಕೊಳ್ಳೂ ಜಾತಿ."

ನಬಿಲಾಲ ಆಗ ಬಾಯಿ ಬಿಟ್ಟ. ಹಾಕಿದ್ದು ಇವರೇ ಹೌದು, ತಾನೇ ತೋರಿಸಿಕೊಟ್ಟದ್ದು, ಗೌಡರು ಫೋಟೊ ತೆಗೆಸಿಕೊಂಡು ಹೋದರು ಎಂದ. ಸಾಹೇಬರು ಕರವಸ್ತ್ರದಿಂದ ಕೈ ಒರೆಸಿಕೊಂಡರು.

"ಕೈಯಿಂದ ಹಾಕಿದವರು ಇವರು ಅಂತ ಗೌಡರೂ ಹೇಳ್ತಾ ಇದ್ದಾರಲ್ಲಪ್ಪ. ಕೂಲಿ ಆಳೂ ಕೈಯಿಂದಲೇ ಹಾಕ್ತಾನೆ."

ಗುಮಾಸ್ತ ಬರೆದದ್ದನ್ನು ಓದಿ ಹೇಳಿದ. ಅರ್ಜಿದಾರನ ಹೆಂಡತಿಯು, ಎದುರುದಾರರ ಜಮೀನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಎದುರುದಾರರಿಗೆ ಸೇರಿದ ಜಿಪ್ಸಂ ಗೊಬ್ಬರವನ್ನು ಅವರ ಅಪ್ಪಣೆಯಿಲ್ಲದೆ ಮನೆಗೆ ಒಯ್ದು ಬಳಸಿರುವುದಾಗಿ ತಾನೇ ಒಪ್ಪಿಕೊಂಡಿರುತ್ತಾಳೆ. ಪೊಳ್ಳು ಕಾಯಿಯ ಮಾತು ಅದರಲ್ಲಿ ಇರಲಿಲ್ಲ. ಅದು ಯಾಕಿಲ್ಲವೆಂದು ರೇವವ್ವ ಕೇಳಿದಳು. ಅದೆಲ್ಲ ತಾಂತ್ರಿಕ, ಇಲ್ಲಿ ಬರುವುದಿಲ್ಲ ಎಂದ ಗುಮಾಸ್ತ. ಹೆಬ್ಬಟ್ಟಿಗೆ ಮಸಿ ಮುಂದೆ ಮಾಡಿದಾಗ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಸೋಮನಿಂಗ ಒತ್ತಿದ. ಮಸಿ ಕಂಡಲ್ಲಿ ಒತ್ತುವುದು ಅವನ ಬೆರಳಿಗೆ ಅಪ್ಪನಿಂದ ಬಂದದ್ದು.

ತೀರ್ಪು ಆಮೇಲೆ ಬರುತ್ತದೆ, ಅಲ್ಲಿಯವರೆಗೆ ಹೊಲದ ಬೆಳೆ ಯಾರೂ ಮುಟ್ಟಬಾರದು ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಹತ್ತನೆ ಸಾಲಿನ ಕಾಯಿ ಒಂದಿಷ್ಟು ಅವರ ಕರವಸ್ತ್ರದಲ್ಲಿತ್ತು. ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡರು.

ಹನ್ನೆರಡು ದಿನ ಕಳೆಯಿತು. ಮಳೆ ಹೋಗಿ ನೆಲ ಬಿಗಿಯತೊಡಗಿತು. ಎಲೆಗಳು ಕಪ್ಪು ಚುಕ್ಕೆ ಬಿದ್ದು ಉದುರುತ್ತಿದ್ದವು. ಶೇಂಗಾ ಜೋಳದಂತಲ್ಲ, ನಿಂತು ಕಾಯುವುದಿಲ್ಲ. ಹೊತ್ತು ಮೀರಿದರೆ ಬಳ್ಳಿ ಬರಿದೇ ಕೈಗೆ ಬರುತ್ತದೆ, ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ರೇವವ್ವ ದಿನಾ ಬದುವಿನ ಮೇಲೆ ಬಂದು ಒಂದು ಬಳ್ಳಿ ಜಗ್ಗಿ ನೋಡಿ ಹೋಗುತ್ತಿದ್ದಳು. ಹನ್ನೆರಡನೆ ದಿನ ನಾಲ್ಕು ಕಾಯಿ ಕಡಿದು ನೆಲದಲ್ಲೇ ಉಳಿದವು. ಅವಳು ಮನೆಗೆ ಹೋಗಿ ಸೆರಗು ಸೊಂಟಕ್ಕೆ ಬಿಗಿದು, ಕಳೆ ತೆಗೆಯುವ ಕುರುಪಿ ಮತ್ತು ಗೋಣಿತಟ್ಟು ತಂದಳು. ಹತ್ತನೆ ಸಾಲಿನ ತುದಿಗೆ ಕೂತಳು.

ಕಾವಲಿಗೆ ಬಿಟ್ಟಿದ್ದ ಅಮಸಿದ್ದ ಜಾಲಿ ನೆರಳಿನಿಂದ ಎದ್ದು ಬಡಿಗೆ ಹಿಡಿದು ಬಂದ.

"ಏ ರೇವಕ್ಕ, ಏಳ. ನನಗ ಹೇಳ್ಯಾರ."

"ನಿನಗ ಹೇಳಿದ್ದ ನೀ ಮಾಡು."

"ನಾ ನಿನ್ನ ಹೊಡೀಬೇಕಾಗ್ತೈತಿ."

"ಹೊಡಿ. ಕುರುಪಿ ಇಲ್ಲದ ಕೈ ಕಡಿ ಹೊಡಿ."

ಅವನು ನಿಂತ. ಬಡಿಗೆಯಿಂದ ಮಣ್ಣು ಕೆದಕಿದ. ಅವಳು ಎಡಗೈಯಲ್ಲಿ ಬಳ್ಳಿಯ ಬುಡ ಹಿಡಿದು, ಬಲಗೈಯ ಕುರುಪಿಯಿಂದ ನೆಲ ಸಡಿಲಿಸಿ, ಒಂದೇ ಸಲ ಜಗ್ಗಿ, ಮಣ್ಣು ಝಾಡಿಸಿ ಮಗ್ಗುಲಿಗೆ ಹಾಕುತ್ತಿದ್ದಳು. ಮತ್ತೊಂದು. ಮತ್ತೊಂದು. ಅಮಸಿದ್ದ ಹತ್ತು ಬಳ್ಳಿಯವರೆಗೆ ನೋಡಿದ. ಆಮೇಲೆ, ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಿದಿ ಎಂದು ಬೈದು ಊರ ಕಡೆ ಓಡಿದ.

ಸೋಮನಿಂಗ ಯಾವಾಗ ಬಂದನೋ, ಬದುವಿನ ಮೇಲೆ ಕೂತು ಕೆಮ್ಮುತ್ತಿದ್ದ. ಪೊಲೀಸರು ಬರ್ತಾರ ಎಂದ. ಅವಳು ಹೂಂ ಎಂದಳು. ಜೈಲಾಗ್ತೈತಿ ಎಂದ. ಅದಕ್ಕೂ ಹೂಂ ಎಂದಳು. ಅವನು ಕಫ ಉಗುಳಿ, ಮೊಳಕಾಲಿಗೆ ಕೈಯೂರಿ ಎದ್ದು, ಹನ್ನೊಂದನೆ ಸಾಲಿಗೆ ಕೂತ. ಅವನ ಬಳಿ ಕುರುಪಿ ಇರಲಿಲ್ಲ. ಬೆರಳಿನಿಂದಲೇ ಕೆದರತೊಡಗಿದ.

ಬಿಸಿಲು ಬೆನ್ನಿಗೆ ಏರಿತು. ಸಾಲಿನ ಹಿಂದೆ ಕಿತ್ತ ಬಳ್ಳಿಗಳು ಬೇರು ಮೇಲೆ ಮಾಡಿ ಬಿದ್ದಿದ್ದವು, ಹಸಿ ಕಾಯಿಗೆ ಮಣ್ಣು ಮೆತ್ತಿಕೊಂಡಿತ್ತು. ಊರ ಕಡೆಯ ಬಂಡಿದಾರಿಯಲ್ಲಿ ಧೂಳು ಎದ್ದಿತು. ಧೂಳಿನ ಮುಂದೆ ಗೌಡನ ಕಡೆಯ ಐದಾರು ಮಂದಿ, ಕೈಯಲ್ಲಿ ಬಡಿಗೆ. ಸೋಮನಿಂಗನ ಬೆರಳು ಒಮ್ಮೆ ನಿಂತಿತು. ರೇವವ್ವ ತಲೆಯೆತ್ತಿ ಅವರು ಎಷ್ಟು ದೂರವಿದ್ದಾರೆ ನೋಡಿದಳು, ತಲೆ ತಗ್ಗಿಸಿ ಸಾಲು ಎಷ್ಟು ಉಳಿದಿದೆ ನೋಡಿದಳು.

ಅವರು ಬದುವಿಗೆ ಬರುವಷ್ಟರಲ್ಲಿ ಈ ಸಾಲು ಮುಗಿಯುತ್ತದೆ. ಅವಳು ಮುಂದಿನ ಬಳ್ಳಿಗೆ ಕೈ ಹಾಕಿದಳು.